ವಿಜಯಪುರದಾಗ ಬ್ಯಾಸಿಗಿಗೆ ಮನಿ ಹಿಡಿಯೂದು

ಶಿವಮೊಗ್ಗದಿಂದ ವಿಜಯಪುರಕ್ಕ ಏಪ್ರಿಲ್‌ನಾಗ ವರ್ಗ ಆಗೇದ, ಮ್ಯಾಲಿನ ಮಹಡಿ ಬಾಡಿಗಿ ಕಡಿಮಿ, ಹಿಡೀಲೇನು ಅಂತ ಕೇಳೀರಿ. ಬ್ಯಾಡ್ರಿ. ಏಪ್ರಿಲ್-ಮೇದಾಗ ಇಲ್ಲಿ 40 ಡಿಗ್ರಿ ದಾಟ್ತದ; ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಮನಿಯೊಳಗ ಝಳ ಬಿಡ್ತದ. ತಲಿ ಮ್ಯಾಲೆ ಇನ್ನೊಂದು ಮಹಡಿ ಇರೋ ಮನಿ ನೋಡ್ರಿ.

ಎಸಿಗಿಂತ ಮೊದಲು ಕೂಲರ್ ತಗೊಳ್ರಿ, ಒಣ ಗಾಳಿಗೆ ಅದು ಚಲೋ ಕೆಲಸ ಮಾಡ್ತದ. ಆದ್ರ ಕೋಣಿ ಮುಚ್ಚಿ ಹಚ್ಚಬ್ಯಾಡ್ರಿ. ಕೂಲರಿನ ಬೆನ್ನು ಕಿಟಕಿಗಿರಲಿ, ಎದುರಿನ ಕಿಟಕಿ ನಾಲ್ಕು ಬೆರಳಷ್ಟು ತೆರೆದಿರಲಿ. ಇಲ್ಲಾಂದ್ರ ತೇವ ಕೂಡಿ ಮೈ ಅಂಟಂಟು, ತಂಪೂ ಆಗೂದಿಲ್ಲ. ಬೋರಿನ ಗಡಸು ನೀರು ಹಾಕಿದ್ರ ಪ್ಯಾಡಿಗೆ ಬಿಳಿ ಸುಣ್ಣ ಕಟ್ಟಿ ಗಾಳಿ ತಡೀತದ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಳೀರಿ, ಸೊಳ್ಳಿನೂ ಆಗೂದಿಲ್ಲ.

ಅಡ್ವಾನ್ಸ್ ಕೊಡೂ ಮೊದಲು ನೀರಿಂದು ಕೇಳ್ರಿ. ನಳ ಎಷ್ಟು ದಿನಕ್ಕೊಮ್ಮೆ ಬರ್ತದ, ಸಂಪ್ ಎಷ್ಟು ಲೀಟರಿಂದು, ಎಷ್ಟು ಮನಿಗೆ? ನಾಲ್ಕು ಮಂದಿಗೆ ದಿನಕ್ಕ 500 ಲೀಟರ್ ಹಿಡಿದು ಲೆಕ್ಕ ಹಾಕ್ರಿ. ಇದನ್ನ ಮಾಲಕರಿಗಿಂತ ಬಾಜೂ ಮನಿಯವರನ್ನ ಕೇಳೂದು ಚಲೋ. ಬಚ್ಚಲದ ನಳದ ಬಾಯಿ ಬೆರಳಿಂದ ಮುಟ್ಟಿ ನೋಡ್ರಿ: ಬಿಳಿ ಪದರು ಗಟ್ಟಿ ಕಟ್ಟಿದ್ರ ಗೀಸರಿನ ಕಾಯಿಲ್‌ಗೂ ಅದೇ ಗತಿ, ಕುಡಿಯಾಕ ಬ್ಯಾರೆ ನೀರು ಬೇಕಾಗಬಹುದು.