ಅರ್ಜನ್ ಸಿಂಗ್: ನಿವೃತ್ತಿಯ ಆಚೆಗಿನ ಬದುಕು

ಪ್ರಶ್ನೆ: ವಾಯುಪಡೆಯ ಮಾರ್ಷಲ್ ಅರ್ಜನ್ ಸಿಂಗ್ ಅವರ ಯುದ್ಧಸಾಧನೆಯನ್ನು ಎಲ್ಲರೂ ನೆನೆಯುತ್ತಾರೆ. ನಿವೃತ್ತಿಯ ನಂತರ ಅವರು ಹೇಗೆ ಬದುಕಿದರು? ಅವರ ಕುಟುಂಬದ ಬಗ್ಗೆಯೂ ತಿಳಿಸುವಿರಾ?
– ಓದುಗರೊಬ್ಬರು, ಹಾಸನ

ಉತ್ತರ: 1919ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಲಾಯಲ್‌ಪುರದಲ್ಲಿ ಹುಟ್ಟಿದ ಅರ್ಜನ್ ಸಿಂಗ್, 1965ರ ಯುದ್ಧದಲ್ಲಿ ವಾಯುಪಡೆಯನ್ನು ಮುನ್ನಡೆಸಿ, 1969ರಲ್ಲಿ, ಐವತ್ತರ ವಯಸ್ಸಿನಲ್ಲೇ ನಿವೃತ್ತರಾದರು. ಮುಂದೆ ಸ್ವಿಟ್ಜರ್ಲೆಂಡ್‌ನಲ್ಲಿ ರಾಯಭಾರಿಯಾಗಿ, ಕೆನ್ಯಾದಲ್ಲಿ ಹೈಕಮಿಷನರ್ ಆಗಿ, ಆನಂತರ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಆಗಿಯೂ ದುಡಿದರು.

ಆದರೆ ಈ ಹುದ್ದೆಗಳ ಪಟ್ಟಿಗಿಂತ ಅವರ ಗುಣವನ್ನು ಹೆಚ್ಚು ತೋರಿಸುವುದು, ನನ್ನ ಮಟ್ಟಿಗೆ, ದೆಹಲಿಯ ಬಳಿಯಿದ್ದ ತಮ್ಮ ಜಮೀನನ್ನು ಮಾರಿ, ಅದರಿಂದ ಬಂದ ಹಣದಲ್ಲಿ 2 ಕೋಟಿ ರೂಪಾಯಿಯನ್ನು ವಾಯುಪಡೆಯ ನಿವೃತ್ತ ಸಿಬ್ಬಂದಿಯ ನೆರವಿಗೆ ತೆಗೆದಿಟ್ಟ ನಿರ್ಧಾರ. ಆ ಹಣದಿಂದ ಸ್ಥಾಪಿಸಿದ ಟ್ರಸ್ಟ್‌ನ ಹೆಸರಿನಲ್ಲಿ ಅವರ ಜೊತೆಗೆ ಅವರ ಪತ್ನಿಯೂ ಇದ್ದಾರೆ ಎಂಬುದನ್ನು ಗಮನಿಸಬೇಕು. 1948ರಲ್ಲಿ ಮದುವೆಯಾದ ಪತ್ನಿ ತೇಜಿ ಅವರು 2011ರಲ್ಲಿ ತೀರಿಕೊಂಡರು. ದಂಪತಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು.

2015ರ ಜುಲೈನಲ್ಲಿ ಅಬ್ದುಲ್ ಕಲಾಂ ಅವರ ಪಾರ್ಥಿವ ಶರೀರ ಪಾಲಂ ವಿಮಾನ ನಿಲ್ದಾಣಕ್ಕೆ ಬಂದಾಗ, ಗಾಲಿಕುರ್ಚಿಯಲ್ಲಿದ್ದ 96ರ ಈ ಹಿರಿಯರು ಇತರರ ಆಸರೆಯಿಂದ ಎದ್ದುನಿಂತು ಸಲ್ಯೂಟ್ ಮಾಡಿದ್ದನ್ನು ಹಲವರು ಟಿ.ವಿ.ಯಲ್ಲಿ ಕಂಡಿರಬಹುದು. ಮರುವರ್ಷ ಪಶ್ಚಿಮ ಬಂಗಾಳದ ಪಾನಾಗಢ ವಾಯುನೆಲೆಗೆ ಅವರ ಹೆಸರಿಡಲಾಯಿತು. ಜೀವಂತವಿರುವಾಗಲೇ ಇಂಥ ಗೌರವ ಸಿಗುವುದು ಅಪರೂಪ. 2017ರ ಸೆಪ್ಟೆಂಬರ್ 16ರಂದು ದೆಹಲಿಯಲ್ಲಿ ಅವರು ನಿಧನರಾದರು.