ಸಣ್ಣ ಚರ್ಚು, ದೊಡ್ಡ ಕೂಟ

ಪ್ರಶ್ನೆ: ಬ್ರಿಟನ್ನಿನ ಮೆಥಡಿಸ್ಟ್ ಚರ್ಚುಗಳು ಸುತ್ತಲಿನ ಜನರಿಗೆ ನೆರವಾಗುತ್ತವೆಯಂತೆ. ಸಣ್ಣ ಚರ್ಚುಗಳಿಗೆ ಇದು ಹೇಗೆ ಸಾಧ್ಯ?
ಓದುಗರೊಬ್ಬರು, ಮೈಸೂರು

ಉತ್ತರ: ಒಂದೇ ಚರ್ಚಿಗೆ ಅದು ಕಷ್ಟವೆಂದೇ ಅಲ್ಲಿ ಅಕ್ಕಪಕ್ಕದ ಊರುಗಳ ಹಲವು ಚರ್ಚುಗಳು ‘ಸರ್ಕಿಟ್’ ಎಂಬ ಕೂಟವಾಗಿ ಸೇರಿ, ಪಾದ್ರಿಗಳ ಸೇವೆಯನ್ನೂ ಖರ್ಚನ್ನೂ ಹಂಚಿಕೊಳ್ಳುತ್ತವೆ. ಹೀಗಾಗಿ ಬೆರಳೆಣಿಕೆಯ ಸದಸ್ಯರಿರುವ ಹಳ್ಳಿಯ ಚರ್ಚು ಕೂಡ ಚಳಿಗಾಲದಲ್ಲಿ ತನ್ನ ಸಭಾಂಗಣವನ್ನು ಬೆಚ್ಚಗಿರಿಸಿ, ಒಂಟಿಯಾಗಿ ಬಾಳುವ ಹಿರಿಯರನ್ನು ಕರೆದು ಕೂರಿಸಿ, ಬಿಸಿ ಚಹಾ, ಸೂಪು ಕೊಟ್ಟು ಮಾತನಾಡಿಸಬಲ್ಲದು. ಎಷ್ಟೋ ಮಂದಿಗೆ ಆ ಮಾತೇ ಸೂಪಿಗಿಂತ ದೊಡ್ಡದು ಎಂದು ನನಗನ್ನಿಸುತ್ತದೆ. ಈ ಪರಿಪಾಠದ ಬೇರು ಬಹಳ ಹಿಂದಿನದು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1746ರಲ್ಲೇ ಲಂಡನ್ನಿನಲ್ಲಿ ಬಡವರಿಗಾಗಿ ಉಚಿತ ಔಷಧಾಲಯ ತೆರೆದಿದ್ದರು. ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ನಿಮ್ಮೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು 1906ರಲ್ಲಿ ಆರಂಭಿಸಿದವರೂ ವೆಸ್ಲಿಯನ್ ಮಿಷನ್ನಿನವರೇ.