ಕೂಗು ಕೇಳುತ್ತದೆ, ಹಕ್ಕಿ ಎಲ್ಲಿ?

ಪ್ರಶ್ನೆ: ಬೇಸಿಗೆಯಲ್ಲಿ ಹಕ್ಕಿ ನೋಡಲು ಹೊಲಗಳಿಗೆ ಅಂಟಿಕೊಂಡ ಕಾಡಂಚಿಗೆ ಹೋಗುತ್ತೇನೆ. 9 ಗಂಟೆ ಹೊತ್ತಿಗೆ ಮರಗಳ ಒಳಗಿಂದ ಕೂಗು ಕೇಳುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ. ಒಳಗೆ ನಡೆದು ಹುಡುಕಬೇಕಾ? ಮಧ್ಯಾಹ್ನ ಹೋದರೆ ಏನಾದರೂ ಸಿಗುತ್ತದಾ?

ಉತ್ತರ: ಒಳಗೆ ಹೋಗಬೇಡಿ. ಅಂಚಿನಲ್ಲೇ ಒಂದು ಕಡೆ ಕೂತುಬಿಡಿ. ಕಾಡು ಮುಗಿದು ಹೊಲ ಶುರುವಾಗುವ ಆ ಗೆರೆಯೇ ನಿಮ್ಮ ಜಾಗ. ಕಾಜಾಣ, ನೀಲಕಂಠ, ಕಳಿಂಗ ಪಕ್ಷಿ ಇವೆಲ್ಲ ಬಯಲಿನ ಕಡೆ ಚಾಚಿದ ಒಣ ಕೊಂಬೆ, ಬೇಲಿ ಗೂಟ, ತಂತಿಯ ಮೇಲೆ ಕೂತು ಕಾಯುತ್ತವೆ. ಹುಳ ಕಂಡ ತಕ್ಷಣ ಹಾರಿ ಹಿಡಿದು, ಎಷ್ಟೋ ಸಲ ಅದೇ ಕೊಂಬೆಗೆ ವಾಪಸ್ ಬರುತ್ತವೆ. ಹಾಗಾಗಿ ಹಕ್ಕಿ ಹಾರಿಹೋಯಿತೆಂದು ಬೇಜಾರು ಬೇಡ, ದುರ್ಬೀನನ್ನು ಆ ಕೊಂಬೆಯ ಮೇಲೇ ಇಟ್ಟು ಕಾಯಿರಿ. ಹತ್ತಿರದ ಮುಳ್ಳುಗಿಡಗಳನ್ನೂ ನೋಡಿ. ಕಳಿಂಗ ಪಕ್ಷಿ ಹಿಡಿದ ಮಿಡತೆಯನ್ನು ಕೆಲವೊಮ್ಮೆ ಮುಳ್ಳಿಗೆ ಚುಚ್ಚಿ ಇಟ್ಟಿರುತ್ತದೆ. ದನ ಮೇಯುತ್ತಿದ್ದರೆ ಇನ್ನೂ ಒಳ್ಳೆಯದು. ಅವುಗಳ ಕಾಲಿಗೆ ಎದ್ದ ಹುಳಗಳಿಗಾಗಿ ಕಾಜಾಣ ಹಿಂದೆಯೇ ಸುತ್ತುತ್ತದೆ.

ನೀವು ಹೋಗುವ ಹೊತ್ತು ತಡವಾಯಿತು. ಹಕ್ಕಿಗಳಿಗೆ ಬೆವರು ಗ್ರಂಥಿ ಇಲ್ಲ. ಬಿಸಿಲೇರಿದಾಗ ಕೊಕ್ಕು ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಬೇಕು, ಅದರಲ್ಲಿ ನೀರು ಖರ್ಚಾಗುತ್ತದೆ. ಅದಕ್ಕೇ ನೆರಳು ಹಿಡಿಯುತ್ತವೆ. ಬೆಳಕು ಹರಿಯುವ ಮೊದಲೇ ಅಲ್ಲಿರಿ. ಸೂರ್ಯ ಬೆನ್ನಿಗಿರಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೆ ಕಾಣುತ್ತದೆ. ಆ ಮಬ್ಬಿಗೆ 8×42 ದುರ್ಬೀನು ಸಾಕು. 8 ಅಂದರೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ.

ಮಧ್ಯಾಹ್ನ ಹೋಗಲೇಬೇಕೆಂದರೆ ಮರ ಬಿಟ್ಟು ಆಕಾಶ ನೋಡಿ. ನೆಲ ಕಾದು ಬಿಸಿಗಾಳಿ ಮೇಲೇಳುವಾಗ ಹದ್ದು, ಗಿಡುಗಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರುತ್ತವೆ.

ಪುಸ್ತಕದ ಯಾವ ಚಿತ್ರಕ್ಕೂ ಹೊಂದದ ಹಕ್ಕಿ ಕಂಡರೆ ಹೊಸ ಜಾತಿ ಅಂದುಕೊಳ್ಳುವ ಮೊದಲು ಬಾಯಿಯ ಮೂಲೆ ನೋಡಿ. ಅಲ್ಲಿ ಹಳದಿ ಅಂಚು, ಜೊತೆಗೆ ಮೊಂಡು ಬಾಲ ಇದ್ದರೆ ಅದು ಬಹುತೇಕ ಈಗಷ್ಟೇ ಗೂಡು ಬಿಟ್ಟ ಮರಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಹಲವು ಹಕ್ಕಿಗಳಿಗೆ ಇದು ಮರಿ ಮಾಡುವ ಕಾಲ. ಎದುರಾಳಿ ಬಂದನೆಂದು ಗಂಡು ಹಕ್ಕಿ ಮರಿಗೆ ಉಣಿಸುವ ಕೆಲಸ ಬಿಟ್ಟು ಸುಮ್ನೆ ಅಲೆಯುತ್ತದೆ. ಹೊಲ, ಬಯಲಲ್ಲಿ ಓಡಾಡುವ ಟಿಟ್ಟಿಭ ಹಕ್ಕಿಯಂತೂ ಗೂಡು ಕಟ್ಟದೆ ಬರಿನೆಲದ ಮೇಲೇ ಮೊಟ್ಟೆ ಇಡುತ್ತದೆ, ಮಣ್ಣಿನ ಬಣ್ಣದಲ್ಲಿ ಅವು ಕಣ್ಣಿಗೇ ಬೀಳುವುದಿಲ್ಲ. ಸುಡುವ ಬಿಸಿಲಲ್ಲಿ ತಾಯಿ ಹಕ್ಕಿ ಮೊಟ್ಟೆಗಳ ಮೇಲೆ ನಿಂತು ನೆರಳು ಕೊಡುತ್ತದೆ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ತಂಪು ಮಾಡುವುದೂ ಉಂಟು. ನಿಮ್ಮಿಂದಾಗಿ ಅದು ಎದ್ದು ಹೋದರೆ ಮೊಟ್ಟೆ ಬೇಯುತ್ತದೆ. ತಲೆ ಮೇಲೆ ಸುತ್ತುತ್ತಾ ಕಿರುಚಲು ಶುರು ಮಾಡಿದರೆ ಅಲ್ಲೇ ನಿಂತು, ಕಾಲ ಬುಡ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.